ಮಂಚದ ಕೆಳಗಿನ ಗಿಟಾರ್



ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಿಂದ ಓದುಗ ಸಹೋದರಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೋರಿದ್ದಾರೆ. ಪತ್ರವನ್ನು ಓದಿ ಮಡಚಿಟ್ಟ ಮೇಲೂ ಅದರ ಕೊನೆಯ ಸಾಲುಗಳು ಮನಸ್ಸಿನಿಂದ ಹೋಗಲಿಲ್ಲ. ಅದಕ್ಕೇ ಈ ತಿಂಗಳ ಪುಟವನ್ನು ಅವರಿಗೆ ಮೀಸಲಿಡುತ್ತಿದ್ದೇನೆ. ಇಂಥ ಮಗ ನಿಮ್ಮ ಮನೆಯಲ್ಲೂ ಇರಬಹುದು. ಗಿಟಾರ್ ಬದಲು ಇನ್ನೇನೋ ಒಂದರ ಹುಚ್ಚು ಹಿಡಿದಿರಬಹುದು, ಅಷ್ಟೇ.

ಪತ್ರದ ಸಾರಾಂಶ ಹೀಗಿದೆ. ಅವರ ಎರಡನೆಯ ಮಗ ಪಿಯುಸಿಯಲ್ಲಿ ನಪಾಸಾದ. ಹುಬ್ಬಳ್ಳಿಯ ಫರ್ನಿಚರ್ ಅಂಗಡಿಯೊಂದರಲ್ಲಿ ಬಡಗಿ ಕೆಲಸಕ್ಕೆ ಸೇರಿದ. ಅವನ ಕೈ ಚೆನ್ನಾಗಿದೆ ಎಂದು ಕಲಿಸಿದ ಉಸ್ತಾದರೇ ಹೇಳುತ್ತಾರೆ. ಒಮ್ಮೆ ಯಾರೋ ಮರ ಕೊಯ್ದು, ಬಗ್ಗಿಸಿ ಗಿಟಾರ್ ಮಾಡುವುದನ್ನು ಮೊಬೈಲಿನಲ್ಲಿ ನೋಡಿದ. ಅಂದಿನಿಂದ ಎಂಟು ತಿಂಗಳು ಕೆಲಸದಿಂದ ಬಂದು ಉಂಡಾದ ಮೇಲೆ ಹಿತ್ತಲಲ್ಲಿ ಬಲ್ಬು ಹಚ್ಚಿಕೊಂಡು ಅದೇ ಧ್ಯಾನ. ಅಜ್ಜನ ಕಾಲದ ಸಾಗವಾನಿ ಬಾಗಿಲೊಂದು ಮೂಲೆಯಲ್ಲಿ ಬಿದ್ದಿತ್ತು. ಅದನ್ನೇ ಸೀಳಿ, ಕೀಸುಳಿ ಹೊಡೆದು, ಪಾಲಿಶ್ ಹಾಕಿ ಗಿಟಾರ್ ಮಾಡಿದ. ಅಂಗಡಿಯಿಂದ ತಂತಿ ತಂದು ಕಟ್ಟಿ ಬಿಗಿಯತೊಡಗಿದಾಗ ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. ಆರನೆಯ ತಂತಿ ಬಿಗಿಯುವಾಗ 'ಪಟ್' ಎಂದು ಸಪ್ಪಳವಾಯಿತು. ಮೇಲಿನ ಹಲಗೆ ಒಳಕ್ಕೆ ಕುಸಿಯಿತು. ತಂತಿ ಹಿಡಿದಿದ್ದ ಮರದ ತುಂಡು ಕಿತ್ತು ಹಾರಿತು. ಅಣ್ಣ ನಕ್ಕ. ತಂದೆ, "ಈಗಾದ್ರೂ ಬುದ್ಧಿ ಬಂತಾ?" ಎಂದರು.

ಮುಂದಿನದನ್ನು ತಾಯಿಯ ಮಾತಿನಲ್ಲೇ ಕೇಳಿ: "ಅದನ್ನ ಹಳೇ ಚಾದರದಾಗ ಸುತ್ತಿ ಮಂಚದ ಕೆಳಗ ನೂಕ್ಯಾನರಿ. ಹದಿನೈದು ದಿನ ಆತು, ಮಾತಿಲ್ಲ ಕತಿಯಿಲ್ಲ. ಕೆಲಸಕ್ಕ ಹೋಗತಾನ, ಬರತಾನ, ಉಂಡು ಮಲಗತಾನ. ನಡುರಾತ್ರಿ ಎದ್ದು ಚಾದರ ಬಿಚ್ಚಿ ನೋಡತಾನ. ನನಗ ಎಚ್ಚರ ಆಗೇದ ಅಂತ ಗೊತ್ತಾದ್ರ ಮತ್ತ ಒಳಗ ನೂಕತಾನ. ಅದನ್ನ ಒಲಿಗೆ ಹಾಕಿ ಮುಗಿಸಲೋ, ಹಂಗ ಇಡಲೋ ತಿಳೀವಲ್ದು."

ಒಲೆಗೆ ಹಾಕಬೇಡಿ, ಸಹೋದರಿ. ಯಾಕೆಂದು ಹೇಳುತ್ತೇನೆ. ನಿಧಾನವಾಗಿ ಓದಿ. ಸಾಧ್ಯವಾದರೆ ಮಗನಿಗೂ ಓದಿ ಹೇಳಿ.

ಅದು ಯಾಕೆ ಮುರಿಯಿತು?

ಗಿಟಾರ್ ನೋಡುವುದಕ್ಕೆ ಸೊಂಟವಿರುವ ಒಂದು ಟೊಳ್ಳು ಪೆಟ್ಟಿಗೆ. ಕಪಾಟು, ಮಂಚ ಮಾಡುವವನಿಗೆ ಇದೇನು ಮಹಾ ಎನಿಸುವುದು ಸಹಜ. ಆದರೆ ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಬಿಗಿದಾಗ ಅವೆಲ್ಲ ಸೇರಿ 70 ಕಿಲೋಗಿಂತ ಹೆಚ್ಚಿನ ಬಲದಿಂದ ಎಳೆಯುತ್ತವೆ. ಹೆಚ್ಚುಕಡಿಮೆ ಮುಕ್ಕಾಲು ಕ್ವಿಂಟಲ್ ಜೋಳದ ಭಾರ. ಅದೂ ಒಂದು ಗಳಿಗೆಯಲ್ಲ, ಹಗಲೂ ರಾತ್ರಿ, ವರ್ಷಾನುಗಟ್ಟಲೆ. ಇಷ್ಟು ಎಳೆತವನ್ನು ತಾಳಬೇಕಾದ ಮೇಲಿನ ಹಲಗೆಯ ದಪ್ಪ ಎಷ್ಟು ಗೊತ್ತೇ? ಸುಮಾರು 3 ಮಿಲಿಮೀಟರ್. ಅದಕ್ಕಿಂತ ದಪ್ಪವಾದರೆ ಹಲಗೆ ಕಂಪಿಸುವುದಿಲ್ಲ, ವಾದ್ಯ ಮೂಕವಾಗುತ್ತದೆ. ತೆಳುವಾದರೆ ಕುಸಿಯುತ್ತದೆ. ಗಿಟಾರ್ ಮಾಡುವವನ ಬಾಳೆಲ್ಲ ಈ ಎರಡರ ನಡುವೆಯೇ ಕಳೆಯುತ್ತದೆ.

ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಹಲಗೆಯ ಒಳಮೈಯಲ್ಲಿದೆ. ಬೆರಳು ದಪ್ಪದ ಹಗುರವಾದ ಪಟ್ಟಿಗಳನ್ನು ಒಳಗಿನಿಂದ ಅಂಟಿಸುತ್ತಾರೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ಮುಖ್ಯವಾದ ಎರಡು ಪಟ್ಟಿಗಳು ಗುಣಾಕಾರದ ಗುರುತಿನಂತೆ ಒಂದನ್ನೊಂದು ದಾಟುತ್ತವೆ. ಹಲಗೆ ತೆಳುವಾಗಿಯೇ ಉಳಿಯುತ್ತದೆ, ಭಾರವನ್ನು ಪಟ್ಟಿಗಳು ಹೊರುತ್ತವೆ. ಹೊರಗಿನಿಂದ ನೋಡಿದವರಿಗೆ ಇವು ಕಾಣಿಸುವುದೇ ಇಲ್ಲ. ಮೊಬೈಲಿನಲ್ಲಿ ಅರ್ಧ ನಿಮಿಷದಲ್ಲಿ ಹಾದುಹೋಗುವ ಈ ಕೆಲಸವೇ ಗಿಟಾರಿನ ಬೆನ್ನೆಲುಬು. ನೀವು ಬರೆದ ಲಕ್ಷಣ ನೋಡಿದರೆ ನಿಮ್ಮ ಮಗ ಎಡವಿದ್ದು ಇಲ್ಲಿಯೇ ಇರಬೇಕು.

ಇನ್ನೊಂದು ಸಂಗತಿ. ತಂತಿ ಹಿಡಿಯುವ ಮರದ ತುಂಡಿಗೆ ನಮ್ಮಲ್ಲಿ 'ಕುದುರೆ' ಎನ್ನುತ್ತಾರೆ. ಅದು ಕಿತ್ತು ಹಾರಿತು ಎಂದಿದ್ದೀರಿ. ಮೊದಲ ಸಲ ಮಾಡುವವರು ಚಂದಕ್ಕೆಂದು ಇಡೀ ಹಲಗೆಗೆ ಪಾಲಿಶ್ ಹೊಡೆದು, ಆ ಪಾಲಿಶ್ ಮೇಲೆಯೇ ಕುದುರೆಯನ್ನು ಅಂಟಿಸಿಬಿಡುತ್ತಾರೆ. ಆಗ ಅಂಟು ಹಿಡಿಯುವುದು ಪಾಲಿಶ್ ಅನ್ನು, ಮರವನ್ನಲ್ಲ. ಎಣ್ಣೆ ಸವರಿದ ತಟ್ಟೆಗೆ ಏನು ಅಂಟುತ್ತದೆ ಹೇಳಿ? ಕುದುರೆ ಕೂರುವ ಜಾಗವನ್ನು ಕೆರೆದು ಬರಿಮರ ಮಾಡಿಕೊಂಡೇ ಅಂಟಿಸಬೇಕು. ಮುರಿದ ತುಂಡಿನ ತಳವನ್ನು ನೋಡಿದರೆ ನಿಜ ತಿಳಿಯುತ್ತದೆ. ಮರದ ನಾರು ಕಿತ್ತುಬಂದಿದ್ದರೆ ಅಂಟು ಗೆದ್ದಿದೆ, ಮರ ಸೋತಿದೆ. ತಳ ನುಣುಪಾಗಿ ಬಿಟ್ಟುಕೊಂಡಿದ್ದರೆ ಅಂಟೇ ಹಿಡಿದಿರಲಿಲ್ಲ.

ಮರದ ಮನಸ್ಸು

ಯರಗುಪ್ಪಿಯ ಎರೆಭೂಮಿಯವರಿಗೆ ಮರದ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಎರೆಹೊಲ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಕೂಡಿಕೊಳ್ಳುತ್ತದೆ. ಮರವೂ ಹಾಗೆಯೇ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಮರ ಉದ್ದಕ್ಕೆ ಹೆಚ್ಚು ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಡ್ಡಕ್ಕೆ ಮಾತ್ರ ಉಸಿರಾಡುತ್ತಲೇ ಇರುತ್ತದೆ. ಚೆನ್ನಾಗಿ ಆರದ ಮರದಿಂದ ವಾದ್ಯ ಮಾಡಿದರೆ ಮೊದಲ ಬೇಸಿಗೆಗೇ ಸೀಳುತ್ತದೆ. ಆದ್ದರಿಂದ ಹಳೆಯ ಬಾಗಿಲನ್ನು ಆರಿಸಿದ ನಿಮ್ಮ ಮಗನ ಬುದ್ಧಿಯನ್ನು ಮೆಚ್ಚಲೇಬೇಕು. ಅಷ್ಟು ವರ್ಷ ಆರಿದ ಮರ ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಆದರೆ ಸಾಗವಾನಿ ತೂಕದ ಮರ. ಮೇಲಿನ ಹಲಗೆಗೆ ಹಗುರವಾಗಿಯೂ ಬಿಗುವಾಗಿಯೂ ಇರುವ ಮರ ಬೇಕು. ಚಳಿನಾಡುಗಳಲ್ಲಿ ನಿಧಾನವಾಗಿ ಬೆಳೆಯುವ ಸ್ಪ್ರೂಸ್, ಸೀಡರ್ ಜಾತಿಯ ಮರಗಳನ್ನು ಅದಕ್ಕೇ ಬಳಸುತ್ತಾರೆ.

ಗಿಟಾರಿನ ಹಿಂಭಾಗ ಮತ್ತು ಪಕ್ಕಗಳ ಕತೆ ಬೇರೆ. ಅದರಲ್ಲಿ ನಮಗೊಂದು ಹೆಮ್ಮೆಯ ಪಾಲಿದೆ. ಬ್ರೆಜಿಲ್ ದೇಶದ ರೋಸ್‌ವುಡ್ ಮರ 1960ರ ದಶಕದ ಕೊನೆಗೆ ಹೊರದೇಶದವರಿಗೆ ಸಿಗುವುದು ಕಷ್ಟವಾಯಿತು. ಆಗ ಅಮೆರಿಕದ ದೊಡ್ಡ ಗಿಟಾರ್ ತಯಾರಕರು ಭಾರತದ ರೋಸ್‌ವುಡ್ ಕಡೆ ತಿರುಗಿದರು. ಅದೇ ನಮ್ಮ ಪಶ್ಚಿಮಘಟ್ಟದ ಬೀಟೆ. ಜಗತ್ತಿನ ಎಷ್ಟೋ ಉತ್ತಮ ಗಿಟಾರುಗಳ ಬೆನ್ನು ಬೀಟೆಯದು. ಬೀಟೆ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕದ್ದ ಮರದ ತಂಟೆಗೆ ಮಗ ಹೋಗದಿರಲಿ. ಹಳೆಯ ಮನೆ ಕೆಡವಿದಲ್ಲಿ ಸಿಗುವ ಮರವೇ ಸಾಕು.

ಪಕ್ಕದ ಹಲಗೆಗಳನ್ನು ಬಗ್ಗಿಸುವುದು ಹೊಸಬರ ಎರಡನೆಯ ಪರೀಕ್ಷೆ. 2 ಮಿಲಿಮೀಟರಿನಷ್ಟು ತೆಳುವಾದ ಪಟ್ಟಿಯನ್ನು ಒದ್ದೆ ಮಾಡಿ, ಬಿಸಿ ಕಬ್ಬಿಣದ ಕೊಳವೆಗೆ ಒತ್ತಿ ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾರೆ. ಬಗ್ಗಿಸುವುದು ಕೈಯ ಬಲದಿಂದಲ್ಲ, ಕಾವಿನಿಂದ. ಇದನ್ನು ನಮ್ಮ ಹೆಣ್ಣುಮಕ್ಕಳಿಗಿಂತ ಚೆನ್ನಾಗಿ ಯಾರು ಬಲ್ಲರು? ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೆ ರೊಟ್ಟಿಯ ಅಂಚು ಒಡೆಯುತ್ತದೆ. ಕುದಿಯುವ ಎಸರು ಹಾಕಿ ನಾದಿದರೆ ಎಷ್ಟು ದೊಡ್ಡದಾಗಿ ಬಡಿದರೂ ಒಡೆಯುವುದಿಲ್ಲ. ನಿಮ್ಮ ಮಗ ಪಕ್ಕಗಳನ್ನು ಸೀಳದೆ ಬಗ್ಗಿಸಿದ್ದಾನೆ ಎಂದರೆ ಆ ಹದ ಅವನಿಗೆ ಸಿಕ್ಕಿದೆ.

ಮೂರನೆಯದು ಲೆಕ್ಕ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸುವ ಲೋಹದ ಕಡ್ಡಿಗಳನ್ನು ಕಣ್ಣಳತೆಯಲ್ಲಿ ಕೂರಿಸಿದರೆ ಯಾವ ಸ್ವರವೂ ಸರಿಯಾಗಿ ಬಾರದು. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಕಡ್ಡಿಯ ಜಾಗ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆ ಮುಂದುವರಿಯಬೇಕು. ತಂತಿ 650 ಮಿಲಿಮೀಟರ್ ಇದ್ದರೆ ಮೊದಲ ಕಡ್ಡಿ 36.5ರಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, ಅಂದರೆ 325ರಲ್ಲಿ ಬರುತ್ತದೆ. ಪಿಯುಸಿ ಗಣಿತದಲ್ಲಿ ನಪಾಸಾದ ಹುಡುಗರೂ ಈ ಲೆಕ್ಕವನ್ನು ಪ್ರೀತಿಯಿಂದ ಮಾಡುತ್ತಾರೆ. ಯಾಕೆಂದರೆ ಇದರ ಉತ್ತರ ಕಿವಿಗೆ ಕೇಳಿಸುತ್ತದೆ.

ಮೊದಲ ಸಲ ಕೈಯಿಂದ ಗಿಟಾರ್ ಮಾಡುವವರಿಗೆ ನೂರೈವತ್ತು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ತಂತಿ ಕಟ್ಟುವ ಹಂತ ಮುಟ್ಟುವ ಮೊದಲೇ ಅರ್ಧಕ್ಕೆ ಬಿಟ್ಟವರೂ ಬಹಳ ಮಂದಿ. ನಿಮ್ಮ ಮಗ ಆರನೆಯ ತಂತಿಯವರೆಗೆ ಹೋಗಿದ್ದಾನೆ. ಇದನ್ನು ಅವನ ತಂದೆಗೆ ಹೇಳಿ.

ಖಡ್ಗ ಉಜ್ಜುತ್ತಿದ್ದ ಕೈಗಳು

ಈಗ ನಿಮ್ಮ ತಾಲ್ಲೂಕಿಗೇ ಬರೋಣ. ಕುಂದಗೋಳದ ರಾಮಭಾವು ಎಂಬ ಹುಡುಗ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಲ್ಲಿ ಕಲಿತು, ಮುಂದೆ ಸವಾಯಿ ಗಂಧರ್ವ ಎಂದು ಹೆಸರಾದರು. ಅವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬರುತ್ತಿದ್ದರು. ಗದಗಿನ ಕಡೆಯ ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಇದ್ದು ಕಲಿತರು. ಆ ಹಾಡುಗಳೆಲ್ಲದರ ಹಿಂದೆ ನಿಲ್ಲದೆ ಝೇಂಕರಿಸುವುದು ತಂಬೂರಿ. ಆ ತಂಬೂರಿಗೆ ಹೆಸರಾದ ಊರು ಮಿರಜ್. ಖಾನಸಾಹೇಬರು ನೆಲೆ ನಿಂತದ್ದೂ ಅದೇ ಊರಿನಲ್ಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲಿನ ದರ್ಗಾದ ಆವರಣದಲ್ಲಿದೆ.

ಹುಬ್ಬಳ್ಳಿಯಿಂದ ಬೆಳಗಾವಿ ದಾಟಿ ಹೋಗುವ ರೈಲು ಮಿರಜ್ ಮುಟ್ಟುತ್ತದೆ. ಊರು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಅಲ್ಲಿ ಸಿತಾರ್ ಮತ್ತು ತಂಬೂರಿ ಮಾಡುವ ಮುಸ್ಲಿಮ್ ಮನೆತನಗಳಿಗೆ 'ಸಿತಾರಮೇಕರ್' ಎಂಬುದೇ ಅಡ್ಡಹೆಸರು. ಆದರೆ ಅವರ ಮೂಲ ಅಡ್ಡಹೆಸರು ಶಿಕಲಗಾರ. ಈ ಅಡ್ಡಹೆಸರಿನವರು ನಮ್ಮ ಧಾರವಾಡ ಕಡೆಯೂ ಇದ್ದಾರೆ. ಉಜ್ಜಿ ಹೊಳಪು ಕೊಡುವುದು ಎಂಬ ಅರ್ಥದ ಅರಬಿ ಶಬ್ದದಿಂದ ಬಂದ ಹೆಸರದು. ಖಡ್ಗ, ಕಠಾರಿಗಳನ್ನು ಸಾಣೆ ಹಿಡಿದು ಉಜ್ಜುವುದು ಆ ಮನೆತನಗಳ ಕಸುಬಾಗಿತ್ತು.

ಬ್ರಿಟಿಷರ ಆಳ್ವಿಕೆ ಬಲಗೊಂಡಂತೆ ಸಂಸ್ಥಾನಗಳ ಸೈನ್ಯ ಕರಗಿತು. ಖಡ್ಗಕ್ಕೆ ಗಿರಾಕಿ ಇಲ್ಲದಾಯಿತು. ತಲೆತಲಾಂತರದ ಕಸುಬು ಒಂದು ತಲೆಮಾರಿನಲ್ಲೇ ಬಿದ್ದುಹೋದಾಗ ಒಂದು ಮನೆಗೆ ಏನಾಗುತ್ತದೆ ಎಂಬುದನ್ನು ನಾವು ಊಹಿಸಬಲ್ಲೆವು. 19ನೆಯ ಶತಮಾನದ ನಡುವಿನ ಆ ಹೊತ್ತಿನಲ್ಲಿ ಫರೀದಸಾಹೇಬ್ ಶಿಕಲಗಾರ ಮತ್ತು ಅವರ ಸಹೋದರ ವಾದ್ಯಗಳ ಕಡೆ ತಿರುಗಿದರು. ಮಿರಜದ ಪಟವರ್ಧನ ಸಂಸ್ಥಾನಿಕರು ಸಂಗೀತಪ್ರಿಯರು. ಅಲ್ಲಿಗೆ ಬರುತ್ತಿದ್ದ ಗಾಯಕರ ವಾದ್ಯಗಳು ಪ್ರಯಾಣದಲ್ಲಿ ಕೆಡುತ್ತಿದ್ದವು. ಅವನ್ನು ದುರಸ್ತಿ ಮಾಡುತ್ತ ಮಾಡುತ್ತ ಸಹೋದರರು ವಾದ್ಯದ ಒಳಗುಟ್ಟು ತಿಳಿದುಕೊಂಡರು, ಆಮೇಲೆ ಸ್ವಂತ ವಾದ್ಯ ಮಾಡಿದರು ಎಂಬುದು ಅಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು.

ಗಮನಿಸಿ ಸಹೋದರಿ, ಅವರ ಮೊದಲ ಪಾಠ ಹೊಸ ವಾದ್ಯದಿಂದಲ್ಲ, ಮುರಿದ ವಾದ್ಯದಿಂದ ಬಂತು. ಮುರಿದ ವಾದ್ಯ ತೆರೆದ ಪುಸ್ತಕದ ಹಾಗೆ. ಚೆನ್ನಾಗಿರುವ ವಾದ್ಯ ತನ್ನ ಹೊಟ್ಟೆಯೊಳಗೆ ಏನಿದೆಯೆಂದು ತೋರಿಸುವುದಿಲ್ಲ. ನಿಮ್ಮ ಮಂಚದ ಕೆಳಗೆ ಇರುವುದು ಅಂಥದೇ ಒಂದು ಪುಸ್ತಕ.

ಕಹಿ ಸೋರೆಯ ಪಾಠ

ತಂಬೂರಿ ಹೇಗೆ ಆಗುತ್ತದೆ ಎಂದು ನೋಡಿದರೆ ತಾಳ್ಮೆ ಎಂದರೇನು ಎಂದು ತಿಳಿಯುತ್ತದೆ. ಅದರ ಹೊಟ್ಟೆ ಒಂದು ದೊಡ್ಡ ಸೋರೆಬುರುಡೆ. ನಾವು ಪಲ್ಯ ಮಾಡುವ ಸೋರೆಯ ಜಾತಿಯದೇ, ಆದರೆ ಕಹಿ, ತಿನ್ನಲು ಬಾರದು. ಸಿಪ್ಪೆ ಮಾತ್ರ ದಪ್ಪ ಮತ್ತು ಗಟ್ಟಿ. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಭಾಗದಲ್ಲಿ ಇದನ್ನು ವಾದ್ಯಕ್ಕೆಂದೇ ಬೆಳೆಯುತ್ತಾರೆ. ಮರ ಮಾತ್ರ ಕರ್ನಾಟಕದ ಕಾಡುಗಳಿಂದ ಬರುತ್ತದೆ ಎನ್ನುತ್ತಾರೆ ಮಿರಜದವರು.

ಬುರುಡೆಯನ್ನು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಮೇಲ್ಭಾಗ ಕೊಯ್ದು, ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ, ಒಳಗೆ ಕಡ್ಡಿಗಳನ್ನು ಅಡ್ಡ ಕೊಟ್ಟು ಬಾಯಿ ಅಗಲಿಸುತ್ತಾರೆ. ಆ ಆಕಾರದಲ್ಲೇ ಮತ್ತೆ ಒಣಗಬೇಕು. ಆಮೇಲೆ ಮರದ ಕೊರಳು, ಅದಕ್ಕೆ ಟೊಳ್ಳಾದ ದಂಡಿಗೆ, ಬುರುಡೆಯ ಬಾಯಿಗೆ ತೆಳುವಾದ ಹಲಗೆ. ಬುರುಡೆ ಮತ್ತು ಮರ ಕೂಡುವ ಜಾಗದಲ್ಲಿ ಕೆತ್ತಿದ ಎಲೆಗಳನ್ನು ಅಂಟಿಸುತ್ತಾರೆ. ನೋಡುವವರಿಗೆ ಅಲಂಕಾರ, ಮಾಡುವವರಿಗೆ ಬೆಸುಗೆಯ ಬಲ. ಬಿರಡೆ ಕೂರಿಸಿ, ಅರಗಿನ ಪಾಲಿಶ್ ಉಜ್ಜಿ, ನಾಲ್ಕು ತಂತಿ ಕಟ್ಟಿದರೂ ವಾದ್ಯ ಇನ್ನೂ ತಯಾರಾಗಿಲ್ಲ. 'ಜವಾರಿ' ಬಾಕಿ ಇದೆ.

ನಮ್ಮ ಕಡೆ ಜವಾರಿ ಎಂದರೆ ನಾಟಿ ತಳಿ. ಜವಾರಿ ಕೋಳಿ, ಜವಾರಿ ಮೆಣಸಿನಕಾಯಿ. ಮಿರಜದ ಜವಾರಿ ಬೇರೆ. ತಂತಿ ಕೂರುವ ಅಗಲವಾದ ಕುದುರೆಯ ಮೈಯನ್ನು ಕಣ್ಣಿಗೆ ಕಾಣದಷ್ಟು ಬಾಗಿರುವಂತೆ ಅರದಿಂದ ಉಜ್ಜುತ್ತಾರೆ. ಮೀಟಿದ ತಂತಿ ಆ ಬಾಗಿಗೆ ಸವರುತ್ತ ಸವರುತ್ತ ಝೇಂಕರಿಸುತ್ತದೆ. ತಂತಿಯ ಕೆಳಗೆ ಒಂದು ಹತ್ತಿಯ ನೂಲನ್ನು ಸೇರಿಸಿ ಕೂದಲೆಳೆಯಷ್ಟು ಹಿಂದೆಮುಂದೆ ಸರಿಸಿದರೆ ನಾದ ಒಮ್ಮೆಲೇ ಅರಳುತ್ತದೆ. ಒಂದು ಸಲ ಹೆಚ್ಚು ಉಜ್ಜಿದರೆ ಕೆಟ್ಟಿತು, ಮತ್ತೆ ಮೊದಲಿನಿಂದ ಆರಂಭ. ಇದಕ್ಕೆ ಅಳತೆಪಟ್ಟಿ ಇಲ್ಲ. ಕಿವಿಯೇ ಅಳತೆ. ಆ ಕಿವಿ ತಯಾರಾಗುವವರೆಗೆ ಎಷ್ಟು ಕುದುರೆಗಳು ಹಾಳಾಗುತ್ತವೋ ಅದೇ ಕಲಿಕೆಯ ಫೀಸು. ಕಾಲೇಜಿಗೆ ಫೀಸು ಕಟ್ಟಿದಾಗ ದುಡ್ಡು ಹಾಳಾಯಿತು ಎಂದು ನಾವು ಅಳುವುದಿಲ್ಲ. ಹಲಗೆ ಮುರಿದಾಗ ಮಾತ್ರ ಯಾಕೆ ನಗುತ್ತೇವೆ?

ಹೊಟ್ಟೆಪಾಡಿನ ಮಾತು

"ಇದರಿಂದ ಅನ್ನ ಹುಟ್ಟುತ್ತದೆಯೇ?" ಎಂದು ನಿಮ್ಮ ಮನೆಯವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಸಿಹಿಮಾತಿನ ಉತ್ತರ ಕೊಟ್ಟರೆ ನಾನು ನಿಮಗೆ ಮೋಸ ಮಾಡಿದಂತೆ.

ಸದ್ಯಕ್ಕೆ ಹುಟ್ಟುವುದಿಲ್ಲ. ಮಿರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೇರೆ ಊರಿನವರು ಮಿರಜದ ಹೆಸರಲ್ಲಿ ಮಾರದಂತೆ ಕಾನೂನಿನ ರಕ್ಷಣೆ ಅದು. ಆಗ ಬಂದ ಪತ್ರಿಕಾ ವರದಿಗಳ ಪ್ರಕಾರ ಅಲ್ಲಿ ವಾದ್ಯ ತಯಾರಿಸುವ ಕುಶಲಕರ್ಮಿಗಳು 450ಕ್ಕೂ ಹೆಚ್ಚು. ಆದರೆ ಗುರುತು ಹೆಸರನ್ನು ಕಾಯುತ್ತದೆ, ಹೊಟ್ಟೆಯನ್ನಲ್ಲ. 2020ರಲ್ಲಿ ಕೊರೋನಾ ಬಂದು ಕಛೇರಿಗಳೆಲ್ಲ ನಿಂತಾಗ ವಾದ್ಯ ಕೊಳ್ಳುವವರು ಎಲ್ಲಿಂದ ಬರಬೇಕು?

ಸ್ಪೇನ್ ದೇಶದ ಆಂಟೋನಿಯೋ ಡಿ ಟೊರೆಸ್ ಅವರ ಕತೆಯನ್ನೂ ಕೇಳಿ. 1817ರಲ್ಲಿ ಹುಟ್ಟಿದ ಟೊರೆಸ್ ನಿಮ್ಮ ಮಗನಂತೆಯೇ ಬಡಗಿ. ಇಂದಿನ ಗಿಟಾರಿನ ರೂಪ ಬಹುಪಾಲು ಅವರ ಕೈಯಲ್ಲಿ ನಿಂತದ್ದು. ನಾದದ ಜೀವ ಇರುವುದು ಮೇಲಿನ ಹಲಗೆಯಲ್ಲಿ ಎಂದು ತೋರಿಸಲು 1862ರಲ್ಲಿ ಅವರು ಹಿಂಭಾಗ ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮುಖಕ್ಕೆ ಮಾತ್ರ ಒಳ್ಳೆಯ ಮರ ಹಾಕಿ ಒಂದು ಗಿಟಾರ್ ತಯಾರಿಸಿದರು. ಇಷ್ಟು ದೊಡ್ಡ ಕುಶಲಕರ್ಮಿಗೂ ಗಿಟಾರೊಂದೇ ಸಂಸಾರ ಸಾಗಿಸಲಿಲ್ಲ. 1870ರ ಸುಮಾರಿಗೆ ಅವರು ಸೆವಿಲ್ಲಾದ ಅಂಗಡಿ ಮುಚ್ಚಿ ಹುಟ್ಟೂರು ಅಲ್ಮೇರಿಯಾಕ್ಕೆ ಮರಳಿ ಹೆಂಡತಿಯೊಂದಿಗೆ ಪಿಂಗಾಣಿ, ಗಾಜಿನ ಸಾಮಾನುಗಳ ಅಂಗಡಿ ಇಟ್ಟರು. ಕೆಲವು ವರ್ಷಗಳ ಮೇಲೆ ಬಿಡುವಿನ ವೇಳೆಯಲ್ಲಿ ಮತ್ತೆ ಗಿಟಾರ್ ಮಾಡತೊಡಗಿದರು. 1892ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಅನ್ನ ಕೊಡುವ ಅಂಗಡಿ ಒಂದು ಕಡೆ, ಮನಸ್ಸು ಕೊಡುವ ಕೆಲಸ ಇನ್ನೊಂದು ಕಡೆ. ಒಂದು ಇನ್ನೊಂದನ್ನು ಕೊಲ್ಲಬೇಕಾಗಿಲ್ಲ.

ವಿದ್ಯೆಯನ್ನು ತಡೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯ ನವಲಗುಂದವೇ ಸಾಕ್ಷಿ. ಅಲ್ಲಿನ ಜಮಖಾನಕ್ಕೂ ಭೌಗೋಳಿಕ ಗುರುತು ಇದೆ. ನೇಯುವವರು ನಮ್ಮ ಮುಸ್ಲಿಮ್ ಮನೆಗಳ ಹೆಣ್ಣುಮಕ್ಕಳೇ. ಮಗಳು ಮದುವೆಯಾಗಿ ಹೋದರೆ ಗುಟ್ಟು ಹೊರಗೆ ಹೋಗುತ್ತದೆಂದು ಹಿಂದೆ ಸೊಸೆಯಂದಿರಿಗೆ ಮಾತ್ರ ಕಲಿಸುತ್ತಿದ್ದರು ಎನ್ನುತ್ತಾರೆ. ಇಂದು ಅಲ್ಲಿ ಮಗ್ಗದ ಮುಂದೆ ಕೂರುವವರು ಬೆರಳೆಣಿಕೆಯಷ್ಟೇ. ಕಲಿಯುವ ಕೈಯನ್ನು ತಡೆದ ಮನೆ ಕೊನೆಗೆ ಕಲಿಸಲು ಕೈ ಸಿಗದೆ ಕೂರುತ್ತದೆ.

ಜನ ಏನೆನ್ನುತ್ತಾರೆ?

ಸಂಗೀತದ ವಾದ್ಯ ನಮ್ಮ ಮನೆಗೆ ಸಲ್ಲುತ್ತದೆಯೇ ಎಂದೂ ನೀವು ಅಂಜುತ್ತ ಕೇಳಿದ್ದೀರಿ. ಈ ಬಗ್ಗೆ ಉಲಮಾಗಳಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ಅದರ ತೀರ್ಪು ಕೊಡುವುದು ಈ ಪುಟದ ಕೆಲಸವಲ್ಲ. ಮುಸ್ಲಿಮ್ ಕುಶಲಕರ್ಮಿಗಳು ವಾದ್ಯ ಮಾಡಿದ ಚರಿತ್ರೆ ಮಾತ್ರ ಹಳೆಯದು. ಅರಬರ 'ಊದ್' ಎಂಬ ತಂತಿವಾದ್ಯದ ಹೆಸರಿಗೆ ಮರ ಎಂದೇ ಅರ್ಥ. 9ನೆಯ ಶತಮಾನದಲ್ಲಿ ಪೂರ್ವದಿಂದ ಕೊರ್ಡೋಬಾಕ್ಕೆ ಹೋದ ಜಿರ್ಯಾಬ್ ಎಂಬ ಕಲಾವಿದ ಅದಕ್ಕೆ ಐದನೆಯ ತಂತಿ ಸೇರಿಸಿದರು ಎಂಬುದು ಪ್ರಸಿದ್ಧ. ಗಿಟಾರ್ ಬೆಳೆದದ್ದೂ ಅದೇ ಸ್ಪೇನಿನ ನೆಲದಲ್ಲಿ. ನಿಮ್ಮ ಮನೆಯವರು ಗೌರವಿಸುವ ಆಲಿಮರೊಬ್ಬರನ್ನು ಕೇಳಿ. ಆದರೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅವನ ಬೆನ್ನ ಹಿಂದೆ ತೀರ್ಪು ತಂದು ಅವನ ಮುಂದೆ ಇಡಬೇಡಿ. ಇಪ್ಪತ್ತು ವರ್ಷದ ಮಗನಿಗೆ ಆ ನೋವು ಹಲಗೆ ಮುರಿದದ್ದಕ್ಕಿಂತ ದೊಡ್ಡದು.

ಈಗ ಮಾಡಬೇಕಾದದ್ದು

ಒಂದು: ಬರುವ ರಜಾದಿನ ಹಗಲು ಹೊತ್ತಿನಲ್ಲಿ ನೀವೇ ಆ ಗಂಟನ್ನು ಹೊರಗೆ ತೆಗೆಯಲು ಹೇಳಿ. ಬುದ್ಧಿ ಹೇಳಬೇಡಿ. "ಎಲ್ಲಿ ಬಿಟ್ಟಿತು, ತೋರಿಸು" ಎಂದಷ್ಟೇ ಕೇಳಿ. ಅವನು ಬಾಯಿ ಬಿಟ್ಟು ವಿವರಿಸತೊಡಗಿದರೆ ಅರ್ಧ ಕೆಲಸ ಆದಂತೆ.

ಎರಡು: ಮತ್ತೆ ಇಡೀ ಗಿಟಾರಿಗೆ ಕೈ ಹಾಕುವ ಮೊದಲು ಮೇಲಿನ ಹಲಗೆಯನ್ನಷ್ಟೇ ಮಾಡಲಿ. ಒಳಪಟ್ಟಿಗಳನ್ನು ಅಂಟಿಸಿ, ಬೆರಳಲ್ಲಿ ತಟ್ಟಿ, ಕಿವಿಗೊಟ್ಟು ಕೇಳಲಿ. ಮಾರುಕಟ್ಟೆಯಿಂದ ಮಡಕೆ ತರುವಾಗ ನೀವು ತಟ್ಟಿ ನೋಡುವುದಿಲ್ಲವೇ, ಹಾಗೆ.

ಮೂರು: ಹುಬ್ಬಳ್ಳಿ-ಧಾರವಾಡದಲ್ಲಿ ಸಂಗೀತ ಕಲಿಸುವ ಮನೆಗಳಿಗೆ ಕೊರತೆಯಿಲ್ಲ. ಅಲ್ಲಿ ಮೂಲೆ ಸೇರಿದ ತಂಬೂರಿ, ಗಿಟಾರುಗಳು ಇದ್ದೇ ಇರುತ್ತವೆ. ಮೊದಲು ಅವುಗಳ ದುರಸ್ತಿ ಕಲಿಯಲಿ. ಮಿರಜದವರು ನಡೆದ ದಾರಿಯ ಮೊದಲ ಮೆಟ್ಟಿಲು ಅದು. ನಾಲ್ಕು ಕಾಸೂ ಬರುತ್ತದೆ.

ನಾಲ್ಕು: ಫರ್ನಿಚರ್ ಕೆಲಸ ಬಿಡಕೂಡದು ಎಂಬ ಕರಾರು ಇರಲಿ. ವಾರಕ್ಕೆ ಎರಡು ರಾತ್ರಿ, ತಿಂಗಳಿಗೆ ಇಂತಿಷ್ಟೇ ದುಡ್ಡು. ಒಂದು ವಹಿ ಕೊಡಿಸಿ, ಖರ್ಚನ್ನೂ ತಪ್ಪುಗಳನ್ನೂ ಅದರಲ್ಲಿ ಬರೆಯಲಿ. ತಪ್ಪು ಬರೆದಿಟ್ಟವನು ಅದೇ ತಪ್ಪನ್ನು ಎರಡನೆಯ ಸಲ ಮಾಡುವುದು ಅಪರೂಪ.

ಐದು: ಬೀಟೆಯಂಥ ಮರದ ನುಣ್ಣನೆಯ ಪುಡಿ ಕೆಲವರಿಗೆ ಉಬ್ಬಸ, ತುರಿಕೆ ತರುತ್ತದೆ. ಮೂಗು-ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಲಿ. ಸ್ಪಿರಿಟ್ ಬೆರೆಸಿದ ಪಾಲಿಶ್ ಒಲೆಯ ಹತ್ತಿರ, ಮಕ್ಕಳ ಕೈಗೆ ಸಿಗುವಂತೆ ಬೇಡವೇ ಬೇಡ.

ಆರು: ಇದು ಎಲ್ಲಕ್ಕಿಂತ ಮುಖ್ಯ. ಒಂದು ದಿನ ಮಿರಜಕ್ಕೆ ಹೋಗಿ ಬರಲಿ. ಒಬ್ಬನೇ ಅಲ್ಲ, ತಂದೆಯ ಜೊತೆ. ಬಿಳಿಗಡ್ಡದ ಹಿರಿಯರು ನೆಲದ ಮೇಲೆ ಕೂತು ಅರ ಹಿಡಿದು ಕುದುರೆ ಉಜ್ಜುವುದನ್ನು ತಂದೆ ಒಮ್ಮೆ ನೋಡಲಿ. ಮಗನನ್ನು ನೋಡುವ ಕಣ್ಣು ಅಲ್ಲಿ ಬದಲಾದರೂ ಆದೀತು.

ಅವನು ಮುಂದೆ ದೊಡ್ಡ ಕುಶಲಕರ್ಮಿ ಆಗುತ್ತಾನೆ ಎಂದು ನಾನು ಹೇಳಲಾರೆ. ಎರಡನೆಯ ಗಿಟಾರೂ ಮುರಿಯಬಹುದು. ಮೂರನೆಯದರ ಹೊತ್ತಿಗೆ ಹುಚ್ಚೇ ಇಳಿದುಹೋಗಬಹುದು. ಆಗಲೂ ನಷ್ಟವಿಲ್ಲ. ಕೂದಲೆಳೆಯ ಅಳತೆ ಕಲಿತ ಬಡಗಿ ಮಾಡಿದ ಬಾಗಿಲು ಮಳೆಗಾಲದಲ್ಲೂ ಸರಾಗವಾಗಿ ಮುಚ್ಚುತ್ತದೆ. ಆದರೆ ತಾನು ಮಾಡಿ ಕೆಡಿಸಿದ್ದನ್ನು ಮನೆಯವರಿಗೆ ತೋರಿಸಲು ನಾಚುವ ಮಗ ನಾಳೆ ಇನ್ನೂ ದೊಡ್ಡದನ್ನು ಮುಚ್ಚಿಡುವುದನ್ನು ಕಲಿಯುತ್ತಾನೆ. ಸಾಲ, ಜಗಳ, ಕಾಯಿಲೆ ಎಲ್ಲವೂ ಚಾದರದಲ್ಲಿ ಸುತ್ತಿಕೊಂಡು ಮಂಚದ ಕೆಳಗೆ ಸೇರುತ್ತವೆ. ಅಂಜಬೇಕಾದದ್ದು ಅದಕ್ಕೆ, ಗಿಟಾರಿಗಲ್ಲ.

ಒಲೆಗೆ ಬೇರೆ ಕಟ್ಟಿಗೆ ಸಿಗುತ್ತದೆ, ಸಹೋದರಿ. ಆ ಚಾದರವನ್ನು ಬಿಚ್ಚಿಸಿ. ಅವನು ಮಾತಾಡತೊಡಗಿದ ದಿನ ನನಗೆ ಎರಡು ಸಾಲು ಬರೆದು ತಿಳಿಸಿ. ಕಾಯುತ್ತಿರುತ್ತೇನೆ.